ಲೆಕ್ಕ ನೋಡುವ ನಂಬಿಕೆ



ಬುರುಜು ಕಟ್ಟಬೇಕೆಂದಿರುವ ಮನುಷ್ಯನ ದೃಷ್ಟಾಂತವು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಅವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸದೆ ಹೋದರೆ, ಅಸ್ತಿವಾರ ಮಾತ್ರ ಉಳಿದು ಜನರ ಹಾಸ್ಯಕ್ಕೆ ಗುರಿಯಾಗುವನು. ನಮ್ಮ ಕರ್ತನು ಶಿಷ್ಯತ್ವದ ಬೆಲೆಯನ್ನು ತೋರಿಸುವದಕ್ಕಾಗಿ ಇದನ್ನು ಹೇಳಿದನು. ಆದರೂ ಲೆಕ್ಕ ನೋಡುವದು ನಂಬಿಕೆಗೆ ವಿರೋಧವಾದದ್ದಲ್ಲವೆಂದು ನಾವು ಇದರಿಂದ ಕಲಿಯುತ್ತೇವೆ.

ಉಡುಪಿ ಸೀಮೆಯ ಅಲೆವೂರಿನಲ್ಲಿ ಒಂದು ಕುಟುಂಬವಿದೆ ಎಂದು ಎಣಿಸೋಣ. ಅವರಿಗೆ ಏಣೆಲು ಬೆಳೆಯುವ ಒಂದು ತುಂಡು ಗದ್ದೆಯುಂಟು. ಮಗಳ ಮದುವೆ ನಿಶ್ಚಯವಾಗಿದೆ. ಮಣಿಪಾಲವು ಹತ್ತಿರವಿರುವದರಿಂದ ಭೂಮಿಗೆ ಕೊಳ್ಳುವವರು ಬೇಗ ಸಿಕ್ಕುತ್ತಾರೆ. ಗದ್ದೆಯನ್ನು ಮಾರಿದರೆ ದೊಡ್ಡ ಸಭಾಂಗಣ, ನೂರಾರು ಜನರಿಗೆ ಔತಣ. ಮಾರದಿದ್ದರೆ ಪ್ರಾರ್ಥನಾಲಯದಲ್ಲಿ ಆಶೀರ್ವಾದ, ಅಂಗಳದಲ್ಲಿ ಒಂದು ಹೊತ್ತಿನ ಊಟ. ತಂದೆಯು ರಾತ್ರಿ ಮೊಣಕಾಲೂರುತ್ತಾನೆ. ಆದರೆ ಅವನ ಕಿವಿಯಲ್ಲಿ ಕೇಳಿಬರುವದು ದೇವರ ಸ್ವರವೋ, ನೆರೆಯವರ ಸ್ವರವೋ?

ಪ್ರಿಯರೇ, ನಮ್ಮ ನಂಬಿಕೆಯು ಪರೀಕ್ಷಿಸಲ್ಪಡುವದು ಹೆಚ್ಚಾಗಿ ಇಂಥ ಕಾರ್ಯಗಳಲ್ಲಿಯೇ. ಜ್ಞಾನ ಕಡಿಮೆಯಾದವನು ಬೇಡಿಕೊಳ್ಳಲಿ, ದೇವರು ಹಂಗಿಸದೆ ಕೊಡುವನು ಎಂಬ ಅಭಿಪ್ರಾಯವನ್ನು ಯಾಕೋಬನು ತನ್ನ ಪತ್ರಿಕೆಯ ಆರಂಭದಲ್ಲಿಯೇ ಬರೆದಿದ್ದಾನೆ. ಆದರೆ ನಾವು ಅನೇಕ ಸಾರಿ ಮುಂಗಡಕೊಟ್ಟು ಬಂದ ಮೇಲೆ ಪ್ರಾರ್ಥಿಸುತ್ತೇವೆ. ಅದು ಜ್ಞಾನವನ್ನು ಬೇಡುವದಲ್ಲ, ನಮ್ಮ ಇಷ್ಟಕ್ಕೆ ದೇವರ ರುಜು ಕೇಳುವದು.

ಹಾಗಾದರೆ ತೀರ್ಮಾನಿಸುವದು ಹೇಗೆ? ಮೊದಲನೆಯದಾಗಿ, ಬೇಡವೆಂಬ ಉತ್ತರವನ್ನೂ ಸ್ವೀಕರಿಸುವ ಮನಸ್ಸಿನಿಂದ ಪ್ರಾರ್ಥಿಸಬೇಕು. ಎರಡನೆಯದಾಗಿ, ಕಾಗದವನ್ನೂ ಲೇಖಣಿಯನ್ನೂ ತಕ್ಕೊಂಡು ಖರ್ಚನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಮೂರನೆಯದಾಗಿ, ಈ ತೀರ್ಮಾನದ ಭಾರವನ್ನು ಹೊರುವವರು ಯಾರೆಂದು ವಿಚಾರಿಸಬೇಕು. ಗದ್ದೆ ಹೋದರೆ ಮುಂದಿನ ಮಳೆಗಾಲದಲ್ಲಿ ಅಕ್ಕಿಗಾಗಿ ಕೈಯೊಡ್ಡುವವಳು ಮುದಿತಾಯಿಯೋ? ಓದು ಬಿಡುವವನು ಚಿಕ್ಕ ಮಗನೋ? ಅವರನ್ನು ಕೇಳದೆ ಮಾಡಿದ ತೀರ್ಮಾನವು ಜ್ಞಾನವಲ್ಲ.

ಆದರೆ ಬುದ್ಧಿಹೇಳುವವರಾದ ನಮಗೂ ಒಂದು ಮಾತು ಉಂಟು. ಅದನ್ನು ನಮ್ಮ ಸೀಮೆಯ ಹಿಂದಿನ ಚರಿತ್ರೆಯೇ ಕಲಿಸುತ್ತದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ತರುವಾಯ ತುಳುನಾಡಿನ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಅನೇಕರು. ಅವರಲ್ಲಿ ಹಲವರಿಗೆ ಜೀವನವು ಕಳ್ಳು ಇಳಿಸುವ ಮೂರ್ತೆಯ ಕೆಲಸದಿಂದಲೇ ನಡೆಯುತ್ತಿತ್ತು. ಸಭೆಗೆ ಸೇರಿದವರು ಅದನ್ನು ಬಿಡತಕ್ಕದ್ದೆಂದು ಮಿಶನಿನವರು ಹೇಳಿದರು. ಹೇಳುವವರಿಗೆ ಅದು ಒಂದು ಮಾತು; ಬಿಡುವವನಿಗಾದರೋ ಮನೆಯ ಗಂಜಿ. ಬಿಡು ಎಂದು ಹೇಳಿ ಸುಮ್ಮನಿದ್ದರೆ ಸಾಲದೆಂಬದು ಬೇಗನೆ ಕಂಡುಬಂತು. ಆದದರಿಂದ ಮಗ್ಗಗಳು ಬಂದವು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುಂದೆ ನಮ್ಮ ಉಡುಪಿಯ ಬಳಿಯ ಮಲ್ಪೆಯಲ್ಲಿಯೂ ಹೆಂಚಿನ ಕೆಲಸವು ನಡೆಯಿತು. ಆ ಏರ್ಪಾಡುಗಳಲ್ಲಿ ಕೊರತೆಗಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಆದರೂ ಒಬ್ಬನಿಗೆ ಕಷ್ಟದ ದಾರಿಯನ್ನು ತೋರಿಸಿದವರು ಆ ದಾರಿಯಲ್ಲಿ ಅವನ ಹೊರೆಗೆ ಕೈಕೊಡಬೇಕೆಂಬ ಪಾಠವು ಅದರಲ್ಲಿದೆ.

ಈಗ ಅಲೆವೂರಿನ ಆ ತಂದೆಯ ಬಳಿಗೆ ಹಿಂದಿರುಗೋಣ. ಗದ್ದೆಯನ್ನು ಮಾರಬೇಡವೆಂದು ಭಾನುವಾರ ಅವನಿಗೆ ಬುದ್ಧಿಹೇಳಿ, ಮದುವೆಯ ದಿನ ಊಟದ ಎಲೆಯ ಮುಂದೆ ಕೂತು ಇಷ್ಟೇಯೋ ಎಂದು ಗೊಣಗುವವರು ನಾವೇ ಆದರೆ, ಅವನ ಗದ್ದೆಯನ್ನು ಮಾರಿಸಿದವರೂ ನಾವೇ. ಸಾಲಗಾರನ ಪಾಪವನ್ನು ಎಣಿಸುವ ಮೊದಲು ನಮ್ಮ ನಾಲಿಗೆಯ ಪಾಪವನ್ನು ಎಣಿಸೋಣ. ಅಕ್ಕಂದಿರೇ, ಆ ಮನೆಯ ಅಡಿಗೆಗೆ ಕೈಯಾಗಿರಿ. ಯೌವನಸ್ಥರೇ, ಚಪ್ಪರ ಹಾಕಿಕೊಡಿರಿ. ಉಳ್ಳವರೇ, ನಿಮ್ಮ ಮನೆಯ ಮದುವೆಯನ್ನು ಮೊದಲು ಸರಳವಾಗಿ ಮಾಡಿರಿ. ಆಗ ಬಡವನು ನಾಚಿಕೆಯಿಲ್ಲದೆ ನಿಮ್ಮನ್ನು ಹಿಂಬಾಲಿಸುವನು.

ಕಾನಾ ಊರಿನ ಮದುವೆಯ ಮನೆಯಲ್ಲಿ ಕೊರತೆ ಉಂಟಾದಾಗ ನಮ್ಮ ಕರ್ತನು ಮನೆಯವರನ್ನು ಹೀನೈಸಲಿಲ್ಲ. ಅವರ ಮಾನವನ್ನು ಕಾಪಾಡಿದನು. ಆತನ ಹೆಸರನ್ನು ಹೊತ್ತಿರುವ ನಾವೂ ಹಾಗೆಯೇ ನಡೆಯುವಂತೆ ದೇವರು ನಮಗೆ ಜ್ಞಾನವನ್ನೂ ಪ್ರೀತಿಯನ್ನೂ ದಯಪಾಲಿಸಲಿ. ಆಮೆನ್.