ಕಳವು ಮತ್ತು ಕಳಂಕ

ಸಂಜೆ ಆರೂವರೆ ಇರಬೇಕು. ಒಲೆಯ ಮೇಲೆ ಹಂಚು ಕಾದಿತ್ತು. ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಫೋನು ಬಡಿದುಕೊಂಡಾಗ ನಮ್ಮವರೇ ಎತ್ತಿ ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಬರೀ ಅಳು, ಅಳುವಿನ ನಡುವೆ ಎರಡೇ ಮಾತು. “ದೊಡ್ಡವ್ವಾ, ನಾ ಪೊಲೀಸ್ ಸ್ಟೇಷನ್ದಾಗ ಅದೀನಿ. ಅಪ್ಪಗ ಹೇಳಬ್ಯಾಡ.”

ಹುಡುಗಿಯ ಹೆಸರು ಇಲ್ಲಿ ಬೇಡ. ನನ್ನ ಬಳಗದವಳು. ಊರು ಬಿಟ್ಟು ದೂರದ ಶಹರದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ, ವಯಸ್ಸು ಇಪ್ಪತ್ತು. ಇದನ್ನು ಬರೆಯಲೇ ಎಂದು ಕೇಳಿದಾಗ, “ಹೆಸರು ಬಿಟ್ಟು ಬರಿ, ಯಾರಿಗರೆ ಉಪಯೋಗ ಆಗ್ಲಿ” ಎಂದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಗೆಳತಿಯರೊಡನೆ ಒಂದು ದೊಡ್ಡ ಮನೋರಂಜನಾ ಉದ್ಯಾನಕ್ಕೆ ಹೋಗಿದ್ದಾಳೆ. ಆಕಾಶಕ್ಕೆ ಎತ್ತಿ ಒಗೆಯುವ ತೊಟ್ಟಿಲುಗಳು, ಕೃತಕ ಅಲೆಗಳ ಕೊಳ ಎಲ್ಲ ಇರುವಂಥದು. ಟಿಕೆಟ್ಟಿಗೇ ಒಂದು ತಿಂಗಳಿನಿಂದ ಕೂಡಿಟ್ಟ ಹಣ ಹೋಗಿದೆ. ಇಂಥ ಕಡೆ ಹತ್ತಿಯ ಬಟ್ಟೆ ಉಟ್ಟು ನೀರಿಗೆ ಇಳಿಯಗೊಡುವುದಿಲ್ಲ, ನೈಲಾನಿನ ಉಡುಪೇ ಬೇಕು. ಅದು ಅವಳಿಗೆ ಗೊತ್ತಿರಲಿಲ್ಲ. ಗೆಳತಿಯರೆಲ್ಲ ಚೀಲದಿಂದ ತೆಗೆದು ಹಾಕಿಕೊಂಡರು. ಇವಳು ಚೂಡಿದಾರದಲ್ಲಿ ದಂಡೆಯ ಮೇಲೆ ನಿಂತಳು. ಅಲ್ಲಿಯ ಅಂಗಡಿಯಲ್ಲಿ ಉಡುಪಿನ ಬೆಲೆ ಒಂಬೈನೂರ ಐವತ್ತು ರೂಪಾಯಿ, ಕೈಯಲ್ಲಿದ್ದದ್ದು ನೂರಾ ಎಂಬತ್ತು. ಹಾಕಿ ನೋಡುವ ನೆಪದಲ್ಲಿ ಒಳಕೋಣೆಗೆ ಹೋಗಿ, ಮೇಲೆ ಚೂಡಿದಾರ ಹಾಕಿಕೊಂಡು ಹೊರಗೆ ಬಂದುಬಿಟ್ಟಿದ್ದಾಳೆ. ನಾಲ್ಕು ಹೆಜ್ಜೆಯೂ ಇಟ್ಟಿರಲಿಲ್ಲ, ಕಾವಲಿನ ಹೆಂಗಸು ಭುಜದ ಮೇಲೆ ಕೈ ಇಟ್ಟಳಂತೆ. ಹತ್ತು ಪಟ್ಟು ದುಡ್ಡು ಕಟ್ಟಿ ಒಂದು ಕಾಗದಕ್ಕೆ ರುಜು ಹಾಕು, ಇಲ್ಲವೆ ಠಾಣೆಗೆ ನಡೆ ಎಂದರು. ಹತ್ತು ಪಟ್ಟು ಎಲ್ಲಿಂದ ತರಬೇಕು? ಠಾಣೆಗೆ ಕಳಿಸಿದರು.

ನನಗೆ ಮೊದಲು ಬಂದದ್ದು ಸಿಟ್ಟು, ಕರುಣೆ ಅಲ್ಲ. ಒಂಬೈನೂರ ಐವತ್ತು ರೂಪಾಯಿಗೆ ಮನೆತನದ ಮಾನ ಹರಾಜಿಗಿಟ್ಟಳಲ್ಲ ಎಂದುಕೊಂಡೆ. ಆದರೆ ಸಿಟ್ಟಿನಿಂದ ಆ ಹೊತ್ತಿಗೆ ಆಗುವ ಕೆಲಸ ಯಾವುದೂ ಇರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಕೀಲಿಕೆ ಮಾಡುತ್ತಾಳೆ. ಅವಳಿಗೆ ಫೋನು ಹಚ್ಚಿದೆ.

“ಅಕ್ಕೋರ, ಮೊದ್ಲ ನೀವು ಗಾಬರಿ ಬಿಡ್ರಿ. ಖಾಲಿ ಕಾಗದಕ್ಕ ಸಹಿ ಮಾಡಬ್ಯಾಡ, ಸುಳ್ಳು ಹೇಳಬ್ಯಾಡ ಅಂತ ಆಕಿಗೆ ಹೇಳ್ರಿ. ಉಳಿದದ್ದು ನಾ ಮಾತಾಡ್ತೀನಿ” ಎಂದಳು.

ಆ ರಾತ್ರಿ ಮತ್ತು ಮರುದಿನ ಅವಳಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಮಕ್ಕಳನ್ನು ದೂರದ ಊರಿಗೆ ಓದಲು ಕಳಿಸಿದ ತಾಯಂದಿರಿಗೆ ಇದು ಗೊತ್ತಿರಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳವಿಗೆ ಮೂರು ವರ್ಷದವರೆಗೆ ಸೆರೆ ಎಂಬುದು ಅದರ 303ನೆಯ ಕಲಮಿನಲ್ಲೂ ಹಾಗೇ ಇದೆ. ಆದರೆ ಹೊಸದೊಂದು ಮಾತು ಸೇರಿದೆ. ಕದ್ದ ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇದ್ದು, ಅಪರಾಧಿ ಎಂದು ತೀರ್ಮಾನವಾಗುವುದು ಮೊದಲ ಸಲವಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಶಿಕ್ಷೆ ಸಮುದಾಯ ಸೇವೆ. ಅಂದರೆ ಸಂಬಳವಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸವನ್ನು ಮಾಡಿಕೊಡಬೇಕು. ಇಂಥ ಸಣ್ಣ ಕಳವಿನಲ್ಲಿ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸುವಂತಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆಯನ್ನೂ ನಡೆಸುವಂತಿಲ್ಲ. ಕಳವು ಯಾವುದೇ ಇರಲಿ, ವಿಶೇಷ ಕಾರಣವಿಲ್ಲದೆ ಹೆಂಗಸನ್ನು ಹೊತ್ತು ಮುಳುಗಿದ ಮೇಲೆ ಬಂಧಿಸುವ ಹಾಗಿಲ್ಲ. ಅವಳ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು, ಅದೂ ಮರ್ಯಾದೆಯಿಂದ.

ಇನ್ನೊಂದು ದಾರಿ ರಾಜಿ. ವಸ್ತುವಿನ ಒಡೆಯ ಒಪ್ಪಿದರೆ ಕಳವಿನ ಪ್ರಕರಣವನ್ನು ರಾಜಿ ಮಾಡಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ರಾಜಿಯಾದರೆ ಅದು ಬಿಡುಗಡೆಗೆ ಸಮ. ಮೂರನೆಯದು 1958ರ ಪ್ರೊಬೇಷನ್ ಕಾಯ್ದೆ. ಮೊದಲ ಸಲ ತಪ್ಪಿದವರನ್ನು ಸೆರೆಗೆ ಕಳಿಸದೆ, ಬುದ್ಧಿ ಹೇಳಿ ಬಿಡುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಟ್ಟಿದೆ. ಹಾಗೆ ಬಿಟ್ಟವರಿಗೆ ಆ ಶಿಕ್ಷೆಯ ಕಾರಣದಿಂದ ಮುಂದೆ ಅನರ್ಹತೆ ಅಂಟಿಕೊಳ್ಳಬಾರದೆಂದೂ ಅದರಲ್ಲಿದೆ. ಹುಡುಗರು ಹದಿನೆಂಟರೊಳಗಿನವರಾದರೆ ಅವರ ವಿಚಾರ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಅವರ ಹೆಸರು ಪ್ರಕಟಿಸುವಂತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹೆಂಗಸರು ಹಿಂಜರಿಯಬೇಕಿಲ್ಲ. 1987ರ ಕಾಯ್ದೆಯ ಪ್ರಕಾರ ವರಮಾನ ಎಷ್ಟೇ ಇರಲಿ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು. ತಾಲೂಕಿನ ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ.

ನಮ್ಮ ಹುಡುಗಿಯದು ಅಷ್ಟು ದೂರ ಹೋಗಲಿಲ್ಲ. ವಕೀಲೆ ಫೌಜದಾರರೊಡನೆ ಮಾತಾಡಿದಳು. ಗೆಳತಿಯರು ಕೂಡಿ ಉಡುಪಿನ ಬೆಲೆ ಕಟ್ಟಿದರು, ಹತ್ತು ಪಟ್ಟಲ್ಲ, ಒಂದೇ ಪಟ್ಟು. ದೂರು ಕೊಡುವುದಿಲ್ಲವೆಂದು ಉದ್ಯಾನದವರು ಬರೆದುಕೊಟ್ಟರು. ರಾತ್ರಿ ಒಂಬತ್ತಕ್ಕೆ ಹಾಸ್ಟೆಲು ಮುಟ್ಟಿದಳು.

ಕತೆ ಇಲ್ಲಿಗೆ ಮುಗಿಯಿತೆ? ನಮ್ಮವರು ಮುಗಿಯಿತೆಂದರು. “ಯಾರಿಗೂ ಗೊತ್ತಿಲ್ಲ, ಬಿಟ್ಟುಬಿಡು.” ನನಗೆ ಬಿಡಲಾಗಲಿಲ್ಲ. ಕ್ಷಮಿಸುವುದು ಬೇರೆ, ಮುಚ್ಚಿಹಾಕುವುದು ಬೇರೆ. ನಾವು ಮಾಡಿದ್ದು ಯಾವುದು?

“ಅಪ್ಪಗ ಹೇಳಬ್ಯಾಡ” ಎಂದಳಲ್ಲ, ಅದಕ್ಕೆ ಕಾರಣವಿದೆ. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಾಯಿತು. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದ ದಿನ. ನಾನಾಗ ಸಣ್ಣವಳು, ಬಾಗಿಲು ಹಾಕಿ ನಮ್ಮನ್ನು ಒಳಗೆ ಕೂಡಿಸಿದ್ದು ನೆನಪಿದೆ. ಆಮೇಲೆ ಪೊಲೀಸರು ಹಿಡಿದೊಯ್ದವರಲ್ಲಿ ಈ ಹುಡುಗಿಯ ಅಜ್ಜನೂ ಒಬ್ಬ. ಪ್ರತಿ ವರ್ಷ ಆ ದಿನ ವೀರಗಲ್ಲಿಗೆ ಹೂವು ಏರುವಾಗ ಆ ಮನೆಯಲ್ಲಿ ಅಜ್ಜನ ಮಾತು ಬರುತ್ತದೆ. ಅಜ್ಜ ಠಾಣೆ ಕಂಡವನು ಎಂಬುದು ಆ ಮನೆಗೆ ಅಭಿಮಾನ. ಮೊಮ್ಮಗಳೂ ಠಾಣೆ ಕಂಡಳು. ಬೆಂಚು ಅಂಥದೇ ಇದ್ದೀತು, ಅದರ ಮೇಲೆ ಕೂತ ಕಾರಣ ಬೇರೆ. ಹಾಗಾದರೆ ಕಳಂಕ ಇರುವುದು ಠಾಣೆಯಲ್ಲಿ ಅಲ್ಲ, ಕಾರಣದಲ್ಲಿ. ಇದು ಆ ಹುಡುಗಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು.

ಸಣ್ಣ ಕಳವು ಕಳವಲ್ಲವೆ? ಬಸವಣ್ಣನವರು ಹೇಳಿದ ಏಳು ಬೇಡಗಳಲ್ಲಿ ಮೊದಲನೆಯದೇ ಕಳವಿನದು. ಕೊಲೆ ಕೂಡ ಅದರ ನಂತರ. ಅಲ್ಲಿ ಐದು ಸಾವಿರದ ಲೆಕ್ಕವಿಲ್ಲ. ಆದರೆ ತಮ್ಮ ಹಸುಗಳನ್ನು ಹೊಡೆದುಕೊಂಡು ಹೋದ ಕಳ್ಳರಿಗೆ ಕರುಗಳನ್ನೂ ಕಳಿಸಿಕೊಟ್ಟರೆಂಬ ಕತೆಯೂ ಅದೇ ಬಸವಣ್ಣನವರದೇ. ಕದಿಯಬಾರದೆಂಬುದು ನಮಗೆ ನಾವು ಹಾಕಿಕೊಳ್ಳಬೇಕಾದ ಕಟ್ಟು. ಕದ್ದವರನ್ನು ಹೇಗೆ ನೋಡಬೇಕೆಂಬುದು ಬೇರೆಯದೇ ಪ್ರಶ್ನೆ. ಎರಡನ್ನೂ ಕಲಸಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

1997. ನೌಕರಿಗೆ ಸೇರಿದ ಹೊಸತು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ಪ್ರವಾಸದ ಹಣ, ಮೂವತ್ತು ರೂಪಾಯಿ, ಕಳೆಯಿತು. ನಾನು ಬಾಗಿಲು ಹಾಕಿ ಎಲ್ಲರ ಪಾಟಿಚೀಲ ಸುರುವಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳ ಕಂಪಾಸಿನಲ್ಲಿ ಸಿಕ್ಕಿತು. ಅವಳನ್ನು ಮುಂದೆ ನಿಲ್ಲಿಸಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಎದುರು ಅವಳ ಬಾಯಿಂದಲೇ “ನಾನು ಕದ್ದೆ” ಎಂದು ಹೇಳಿಸಿದೆ. ಮರುದಿನ ಅವಳು ಬರಲಿಲ್ಲ. ಎಂದೂ ಬರಲಿಲ್ಲ. ಹದಿನೈದು ತುಂಬುವುದರೊಳಗೆ ಮದುವೆಯಾಯಿತೆಂದು ಕೇಳಿದೆ.

ಅವಳು ನಿರಪರಾಧಿಯಾಗಿದ್ದರೆ ನನಗೆ ಪಶ್ಚಾತ್ತಾಪ ಸುಲಭವಿತ್ತು. ಆದರೆ ಅವಳು ಕದ್ದದ್ದು ನಿಜ. ಅದಕ್ಕೇ ಬಹಳ ವರ್ಷ ನಾನು ನ್ಯಾಯವನ್ನೇ ಮಾಡಿದೆನೆಂದು ನಂಬಿದ್ದೆ. ಇಪ್ಪತ್ತೈದು ವರ್ಷಗಳ ಮೇಲೆ ಒಂದು ದಿನ ಸಂತೆಯಲ್ಲಿ ಮೆಂತ್ಯದ ಸೂಡು ಮುಂದಿಟ್ಟುಕೊಂಡು ಕುಳಿತಿದ್ದ ಅವಳನ್ನು ಕಂಡೆ. ಅವಳೂ ನನ್ನನ್ನು ಕಂಡಳು. ಸೆರಗನ್ನು ಮುಖದ ಮೇಲೆಳೆದು ಆ ಕಡೆ ತಿರುಗಿ ಕುಳಿತಳು. ಕಾನೂನು ಕಳವಿಗೆ ವಿಧಿಸಿದ್ದು ಹೆಚ್ಚೆಂದರೆ ಮೂರು ವರ್ಷ. ಮೂವತ್ತು ರೂಪಾಯಿಗೆ ನಾನು ವಿಧಿಸಿದ್ದು ಇಪ್ಪತ್ತೈದು ವರ್ಷ, ಅದೂ ಇನ್ನೂ ಮುಗಿದಿರಲಿಲ್ಲ.

ಶಿಕ್ಷೆಗೆ ಒಂದು ಕೊನೆ ಇರುತ್ತದೆ. ನಾಚಿಕೆಗೆ ಇರುವುದಿಲ್ಲ. ಕೋರ್ಟಿನ ಶಿಕ್ಷೆ ಎಷ್ಟೇ ಕಠಿಣವಾಗಲಿ, ಅದರಲ್ಲಿ ತಾರೀಖು ಬರೆದಿರುತ್ತದೆ. ನಾವು ಓಣಿಯಲ್ಲಿ, ಶಾಲೆಯಲ್ಲಿ, ಮದುವೆ ಮನೆಯಲ್ಲಿ ಪಿಸುಮಾತಿನಿಂದ ವಿಧಿಸುವ ಶಿಕ್ಷೆಗೆ ತಾರೀಖೇ ಇಲ್ಲ. ಹೊಸ ಕಾನೂನಿನ ಸಮುದಾಯ ಸೇವೆ ನನಗೆ ಹಿಡಿಸಿದ್ದು ಅದಕ್ಕೇ. ಮಾಡಿದ ತಪ್ಪಿಗೆ ಒಂದು ಕೆಲಸ, ಕೆಲಸ ಮುಗಿದರೆ ಲೆಕ್ಕ ಚುಕ್ತಾ. ಅಂಥದೊಂದನ್ನು ನಾನು ಆ ಹುಡುಗಿಗೆ ಕೊಡಬಹುದಾಗಿತ್ತು. ಒಂದು ವಾರ ಶಾಲೆಯ ಗಿಡಗಳಿಗೆ ನೀರು ಹಾಕು ಎಂದಿದ್ದರೆ ಸಾಕಿತ್ತು.

ಆದರೆ ನಾಚಿಕೆಯಿಂದ ಉಳಿಸುತ್ತೇವೆಂದು ತಪ್ಪನ್ನೇ ಹೂಳಿಬಿಡುವುದೂ ಸರಿಯಲ್ಲ. ಗಾಂಧೀಜಿ ಹದಿನೈದರ ವಯಸ್ಸಿನಲ್ಲಿ ಅಣ್ಣನ ತೋಳಿನ ಕಡಗದಿಂದ ಚಿನ್ನದ ಚೂರು ಕದ್ದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಾಯಿಂದ ಹೇಳಲಾರದೆ ಚೀಟಿಯಲ್ಲಿ ಬರೆದು, ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಕೊಟ್ಟರು, ಶಿಕ್ಷೆಯನ್ನೂ ಕೇಳಿದರು. ತಂದೆ ಓದಿದರು, ಕಣ್ಣೀರು ಕಾಗದದ ಮೇಲೆ ಬಿತ್ತು, ಚೀಟಿ ಹರಿದು ಹಾಕಿದರು. ಆ ಚೀಟಿಯನ್ನು ಹರಿದವರು ಅದನ್ನು ಓದಿಯೇ ಹರಿದರು ಎಂಬುದನ್ನು ನಾವು ಮರೆಯಬಾರದು. ಓದದೆ ಹರಿದಿದ್ದರೆ ಅದು ಕ್ಷಮೆಯಾಗುತ್ತಿರಲಿಲ್ಲ.

ರಜೆಗೆ ಬಂದಾಗ ಹುಡುಗಿ ನನ್ನ ಅಡುಗೆಮನೆಯಲ್ಲಿ ಕುಳಿತು ಇನ್ನೊಂದು ಮಾತು ಹೇಳಿದಳು. “ದೊಡ್ಡವ್ವಾ, ಅವತ್ತ ಸ್ಟೇಷನ್ದಾಗ ನನ್ನ ಬಾಜೂಕ ಒಬ್ಬಾಕಿ ಕುಂತಿದ್ಲು. ಯಾರದೋ ಮನಿಗೆಲಸದಾಕಿ. ಬೆಳ್ಳಿ ಬಟ್ಟಲಾ ತಗೊಂಡಾಳಂತ. ನಂಗ ನೀ ಇದ್ದಿ. ಆಕಿ ಯಾರಿಗೆ ಫೋನ್ ಹಚ್ಚಬೇಕು?”

ವಕೀಲೆಯನ್ನು ಕೇಳಿದೆ. ಕೆಲಸದವರು ಒಡೆಯರ ವಸ್ತು ಕದ್ದರೆ ಕಲಮು ಬೇರೆ, 306. ಶಿಕ್ಷೆ ಏಳು ವರ್ಷದವರೆಗೆ. ಐದು ಸಾವಿರದೊಳಗಿನ ರಿಯಾಯಿತಿ ಅಲ್ಲಿಲ್ಲ. ನಂಬಿಕೆ ಮುರಿದದ್ದಕ್ಕೆ ಹೆಚ್ಚಿನ ಶಿಕ್ಷೆ ಎಂಬ ವಾದ ನನಗೆ ತಿಳಿಯುತ್ತದೆ. ಆದರೂ ಅದೇ ಬೆಲೆಯ ವಸ್ತುವನ್ನು ಮೋಜಿಗೆ ಹೋದವಳು ಕದ್ದರೆ ಸಮುದಾಯ ಸೇವೆ, ಪಾತ್ರೆ ತಿಕ್ಕುವವಳು ಕದ್ದರೆ ಏಳು ವರ್ಷದ ಭಯ. ಅವಳಿಗೂ 1958ರ ಕಾಯ್ದೆಯ ಬಾಗಿಲು ತೆರೆದೇ ಇದೆ, ಉಚಿತ ವಕೀಲರೂ ಇದ್ದಾರೆ. ಆದರೆ ಅದನ್ನು ಅವಳಿಗೆ ಹೇಳುವವರು ಯಾರು? ನಮ್ಮ ಮನೆಯಲ್ಲಿ ಬಟ್ಟಲು ಕಾಣದಾದರೆ ನಾವು ಮೊದಲು ನೆನೆಯುವುದು ಯಾರ ಹೆಸರನ್ನು? ಎದೆ ಮುಟ್ಟಿಕೊಂಡು ಹೇಳೋಣ. ನಮ್ಮ ಮಗಳು ಕದ್ದರೆ “ಹುಡುಗಿ, ತಿಳಿಯದೆ ಮಾಡಿದಳು”; ಅವಳ ಮಗಳು ಕದ್ದರೆ “ಅವರ ಜಾಯಮಾನವೇ ಅಷ್ಟು.” ನಮ್ಮವರಿಗೆ ಬೇಡುವ ಕ್ಷಮೆಯನ್ನು ಪರರಿಗೂ ಕೊಡಲಾರದಿದ್ದರೆ ಅದು ಬರೀ ಪಕ್ಷಪಾತ.

ಅಪ್ಪನಿಗೆ ಹೇಳು ಎಂದು ನಾನೇ ಅವಳಿಗೆ ಹೇಳಿದೆ. ಬಲವಂತ ಮಾಡಲಿಲ್ಲ. ಎರಡು ದಿನ ಬಿಟ್ಟು ಅವಳೇ ಹೇಳಿದಳು, ನಾನೂ ಅಲ್ಲಿದ್ದೆ. ಅವನು ಊಟಕ್ಕೆ ಕುಳಿತಿದ್ದ. ಪೂರ್ತಿ ಕೇಳಿದ. ಬಯ್ಯಲಿಲ್ಲ, ಹೊಡೆಯಲಿಲ್ಲ. “ಆ ಅರಿವಿಗೆ ಎಷ್ಟು?” ಎಂದು ಕೇಳಿದ. ಹೇಳಿದಳು. “ನನ್ನ ಕೇಳಬೇಕಿತ್ತವಾ” ಎಂದವನು ಕೈ ತೊಳೆದು ಹೊಲಕ್ಕೆ ಹೋದ. ಮುಂದಿನ ತಿಂಗಳು ಹಾಸ್ಟೆಲಿಗೆ ಕಳಿಸುವ ಹಣದಲ್ಲಿ ಐದುನೂರು ಹೆಚ್ಚಿತ್ತು. ಅದನ್ನು ನೋಡಿ ಠಾಣೆಯಲ್ಲಿ ಅತ್ತದ್ದಕ್ಕಿಂತ ಹೆಚ್ಚು ಅತ್ತೆ ಎಂದು ಹುಡುಗಿ ಫೋನಿನಲ್ಲಿ ಹೇಳಿದಳು. ಅದು ಕ್ಷಮೆಯೋ ಶಿಕ್ಷೆಯೋ ಅವಳಿಗೂ ತಿಳಿದಿಲ್ಲ. ನನಗೂ ಇಲ್ಲ. ಗೆಳತಿಯರು ಕಟ್ಟಿದ ಹಣವನ್ನು ಮಾತ್ರ ಅವಳು ಒಬ್ಬೊಬ್ಬರಿಗೇ ತೀರಿಸಿದ್ದಾಳೆ.

ನನ್ನ ಲೆಕ್ಕ ಉಳಿದಿದೆ. ಪ್ರತಿ ಸಂತೆಗೆ ಅದೇ ಕಡೆ ಹೋಗುತ್ತೇನೆ. ಮೆಂತ್ಯದ ಸೂಡು ಇಟ್ಟುಕೊಂಡು ಕೂತವಳು ಒಂದು ದಿನ ಸೆರಗು ಎಳೆಯದೆ ಇದ್ದರೆ, ಅವಳ ಎದುರು ಕುಳಿತು ಹೇಳಬೇಕು. “ತಂಗೀ, ನೀ ಮಾಡಿದ್ದು ಸಣ್ಣ ತಪ್ಪು. ದೊಡ್ಡದು ಮಾಡಿದಾಕಿ ನಾನು.” ಈ ಮಾತನ್ನು ಇಡೀ ಶಾಲೆಯ ಎದುರು ಹೇಳಬೇಕಾಗಿತ್ತು. ಸಂತೆಯಲ್ಲಿ, ನಾಲ್ಕು ಮಂದಿ ಕೇಳುವ ಹಾಗೆ ಹೇಳಿದರೂ ಆದೀತು.