ನುಂಗಿದ್ದು ಸಂಯಮವೇ?



ಇಂದಿನ ಚಿಂತನೆಗೆ ಸಂಯಮದ ಬಗ್ಗೆ ಬರೆಯುತ್ತೇನೆಂದು ವಾರದ ಹಿಂದೆಯೇ ಒಪ್ಪಿಕೊಂಡಿದ್ದೆ. ನಾಲ್ಕು ಒಳ್ಳೆಯ ಮಾತು ಸೇರಿಸಿ ಕಳಿಸಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಸಂಯಮದ ಬಣ್ಣವೇ ಬಯಲಾಯಿತು. ಅದನ್ನೇ ಬರೆಯುತ್ತೇನೆ.

ಕಳೆದ ಮಂಗಳವಾರ ಸ್ಟಾಫ್ ರೂಮಿನಲ್ಲಿ ಬಡ್ತಿಯ ಮಾತು ಬಂತು. ಹಿರಿಯ ಸಹೋದ್ಯೋಗಿಯೊಬ್ಬರು ನಗುತ್ತಲೇ, “ನಿಮಗೇನು ಬಿಡಿ ಮೇಷ್ಟ್ರೇ, ಸರ್ಕಾರಾನೇ ಎತ್ತಿ ಕೂರಿಸುತ್ತೆ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಟೀ ಮುಗಿಸಿ ಎದ್ದು ಬರುವಾಗ, ಪರವಾಗಿಲ್ಲ, ಕೋಪ ಗೆದ್ದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಏಳನೇ ತರಗತಿಯಲ್ಲಿ ಒಬ್ಬ ಹುಡುಗ ಹೋಂವರ್ಕ್ ತಂದಿರಲಿಲ್ಲ. ಕೇಳಿದ್ದಕ್ಕೆ ಏನೋ ಗೊಣಗಿದ. ಕೆನ್ನೆಗೆ ಬಾರಿಸಿಬಿಟ್ಟೆ. ನಮ್ಮ ಕೇರಿಯ ಹುಡುಗನೇ.

ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ ಎಂದು ಪೋಷಕರ ಸಭೆಯಲ್ಲಿ ಓದಿ ಹೇಳುವವನೂ ನಾನೇ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನುಂಗಿದ್ದು ಸಂಯಮವಲ್ಲ, ಹೆದರಿಕೆ. ಎದುರು ಮಾತಾಡಲಾಗದ ಕಡೆ ಹಲ್ಲು ಕಿರಿದೆ, ತಿರುಗಿ ಹೊಡೆಯಲಾರದವನ ಮೇಲೆ ತೀರಿಸಿಕೊಂಡೆ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಮೇಲಿನಿಂದ ಬಿದ್ದ ಅವಮಾನವನ್ನು ಕೆಳಕ್ಕೆ ದಾಟಿಸುವ ಆ ಏಣಿಯಲ್ಲಿ ನಾನೂ ಒಂದು ಮೆಟ್ಟಿಲಾಗಿದ್ದೆ, ದೀಕ್ಷೆ ತೆಗೆದುಕೊಂಡ ಮೇಲೂ.

ಹಾಗಾದರೆ ನಿಜವಾದ ಸಂಯಮ ಯಾವುದು? ನನಗೆ ಮಹಾಡ್ ನೆನಪಾಯಿತು. 1927ರ ಮಾರ್ಚ್ 20ರಂದು ಚೌದಾರ್ ಕೆರೆಯ ನೀರು ಮುಟ್ಟಿದ ನಮ್ಮವರ ಮೇಲೆ ದೊಣ್ಣೆ ಹಿಡಿದು ಬಿದ್ದರು. ನಮ್ಮವರಲ್ಲಿ ಸೈನ್ಯದಿಂದ ನಿವೃತ್ತರಾದವರೂ ಇದ್ದರು, ತಿರುಗಿ ಹೊಡೆಯಲು ತಿಳಿಯದವರೇನಲ್ಲ. ಬಾಬಾಸಾಹೇಬರು ಅವರನ್ನು ತಡೆದರು. ಆದರೆ ಅಲ್ಲಿಗೇ ಬಿಡಲಿಲ್ಲ. ಅದೇ ಡಿಸೆಂಬರಿನಲ್ಲಿ ಮಹಾಡಿಗೆ ಮರಳಿದರು, 25ರಂದು ಮನುಸ್ಮೃತಿ ಸುಟ್ಟರು. ಕೆರೆಯ ವ್ಯಾಜ್ಯ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆಲ್ಲುವವರೆಗೂ ಹಿಡಿದದ್ದು ಸಡಿಲಿಸಲಿಲ್ಲ. ಕೈ ತಡೆದರು, ಪ್ರಶ್ನೆಯನ್ನು ತಡೆಯಲಿಲ್ಲ. ನಾನು ಮಾಡಿದ್ದು ಸರಿಯಾಗಿ ಇದರ ಉಲ್ಟಾ.

ನಾವು ದಿನವೂ ಹೇಳುವ ಪಂಚಶೀಲದಲ್ಲಿ ‘ಸಿಕ್ಖಾಪದ’ ಎಂಬ ಮಾತಿದೆ. ಕಲಿಕೆಯ ಹೆಜ್ಜೆ ಎಂದರ್ಥ. ಪಾಳಿಯ ಸಿಕ್ಖಾ, ಸಂಸ್ಕೃತದ ಶಿಕ್ಷಾ, ಕನ್ನಡದಲ್ಲಿ ‘ಶಿಕ್ಷೆ’ ಆಗಿ ದಂಡನೆಯ ಅರ್ಥ ಪಡೆಯಿತು. (ಎಂ.ಎ.ಯಲ್ಲಿ ಅರ್ಥವ್ಯತ್ಯಾಸಕ್ಕೆ ಉದಾಹರಣೆ ಬರೆದು ಅಂಕ ತೆಗೆದುಕೊಂಡವನು ನಾನು, ತರಗತಿಯಲ್ಲಿ ಮರೆತೆ.) ಶೀಲ ಯಾರೋ ಹೊರಗಿನಿಂದ ಹೊರಿಸಿದ ಆಜ್ಞೆಯಲ್ಲ, ಕಲಿಯುತ್ತೇನೆಂದು ನಾನೇ ಒಪ್ಪಿಕೊಂಡದ್ದು. ಕಲಿಯುವವನು ತಪ್ಪುತ್ತಾನೆ. ತಪ್ಪಿದ್ದು ಎಲ್ಲಿ ಎಂದು ನೋಡಬೇಕು.

ನಾನು ತಪ್ಪಿದ್ದು ತರಗತಿಯಲ್ಲಲ್ಲ, ಸ್ಟಾಫ್ ರೂಮಿನಲ್ಲೇ. ಫಸ್ಸದಿಂದ ವೇದನಾ, ವೇದನೆಯಿಂದ ತಣ್ಹಾ ಎಂದು ಭಂತೇಜಿ ಹೇಳಿಕೊಟ್ಟಿದ್ದಾರೆ. ಮಾತು ಕಿವಿಗೆ ತಾಕಿತು, ಎದೆ ಉರಿಯಿತು. ಆ ಉರಿಯನ್ನು ಉರಿ ಎಂದು ನೋಡದೆ ನಗುವಿನಿಂದ ಮುಚ್ಚಿದೆ. ಕೈ ಏಳುವ ಮುಂಚೆ ನನಗೆ ಮೂರು ಗಂಟೆ ಸಮಯವಿತ್ತು. ಒಂದು ಸಲವಾದರೂ ‘ನನಗೆ ಅವಮಾನವಾಗಿದೆ’ ಎಂದು ನನಗೇ ಹೇಳಿಕೊಂಡಿದ್ದರೆ ಆ ಹುಡುಗ ಉಳಿಯುತ್ತಿದ್ದ ಅನಿಸುತ್ತದೆ.

ಬುಧವಾರ ತರಗತಿಯ ಎದುರೇ ಅವನ ಕ್ಷಮೆ ಕೇಳಿದೆ. ಅವನು ನಾಚಿ ತಲೆ ತಗ್ಗಿಸಿದ. ಸಹೋದ್ಯೋಗಿಯ ಪಕ್ಕ ಕೂತು, “ಸಾರ್, ನಿನ್ನೆಯ ಮಾತು ನನಗೆ ನೋವಾಯಿತು, ಇನ್ನೊಮ್ಮೆ ಅನ್ನಬೇಡಿ” ಎಂದೆ. ದನಿ ನಡುಗಿತು. ಅವರು “ತಮಾಷೆಗೆ ಅಂದೆ” ಎಂದು ಪೇಪರ್ ಬಿಡಿಸಿದರು. ಇರಲಿ.

ಹುಡುಗ ಈಗ ಹೋಂವರ್ಕ್ ತರುತ್ತಿದ್ದಾನೆ. ಆದರೆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಕೈಗೆ ಸಿಗದಷ್ಟು ಹಿಂದೆ ಸರಿದು ನಿಲ್ಲುತ್ತಾನೆ.