ದ್ವೇಷವಿಲ್ಲದ ಕಡೆಯೂ ಅನ್ಯಾಯ ಇರಬಹುದೇ?

🌼 *ಇಂದಿನ ಧಮ್ಮ ಚಿಂತನೆ* 🌼



"ನನಗೆ ಯಾವ ಜಾತಿಯ ಮೇಲೂ ದ್ವೇಷವಿಲ್ಲ. ಹಾಗಿದ್ದ ಮೇಲೆ ನನ್ನಿಂದ ಅನ್ಯಾಯ ಹೇಗಾಗುತ್ತದೆ?" ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೇಳುವವರು ಎಷ್ಟೋ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮನಸ್ಸಿನಲ್ಲಿ ನಿಜಕ್ಕೂ ದ್ವೇಷ ಇರುವುದಿಲ್ಲ. ಹಾಗಾದರೆ ಅವರಿಗೆ ನಾವು ಕೊಡುವ ಉತ್ತರವೇನು? ಇವತ್ತು ಈ ಪ್ರಶ್ನೆಯನ್ನು ದ್ವೇಷವೆಂದರೆ ಏನೆಂದೇ ಗೊತ್ತಿಲ್ಲದ ಒಂದು ಯಂತ್ರವನ್ನು ಮುಂದಿಟ್ಟುಕೊಂಡು ಯೋಚಿಸೋಣ. ಅದು ನಮ್ಮೆಲ್ಲರ ಜೇಬಿನಲ್ಲಿರುವ ಕ್ಯಾಮೆರಾ.

ಹಂಪಿಯ ವಿರೂಪಾಕ್ಷ ಗುಡಿಯೊಳಗೆ ಒಂದು ಕತ್ತಲೆ ಜಾಗದಲ್ಲಿ, ಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವುದನ್ನು ನೀವು ನೋಡಿರಬಹುದು. ಕೆಲವರು ಪವಾಡ ಎನ್ನುತ್ತಾರೆ. ಅದು ಪವಾಡವಲ್ಲ. ಬೆಳಕು ನೇರವಾಗಿ ಚಲಿಸುತ್ತದೆ. ಸಣ್ಣ ಕಿಂಡಿಯ ಮೂಲಕ ಹಾಯುವಾಗ ಗೋಪುರದ ತುದಿಯಿಂದ ಬಂದ ಬೆಳಕು ಕೆಳಗೂ ಬುಡದಿಂದ ಬಂದದ್ದು ಮೇಲೂ ಬೀಳುತ್ತದೆ. ಕ್ಯಾಮೆರಾದ ಮೊದಲ ಅರ್ಧ ಇಷ್ಟೇ: ಕಿಂಡಿಯ ಜಾಗದಲ್ಲಿ ಲೆನ್ಸ್, ಗೋಡೆಯ ಜಾಗದಲ್ಲಿ ಸೆನ್ಸರ್. ಇಲ್ಲಿಯವರೆಗೆ ಯಾವ ಭೇದವೂ ಇಲ್ಲ.

ಭೇದ ನುಸುಳುವುದು ಇನ್ನರ್ಧದಲ್ಲಿ. ಸೆನ್ಸರಿನಲ್ಲಿರುವ ಲಕ್ಷಾಂತರ ಚುಕ್ಕೆಗಳಿಗೆ ಬಣ್ಣ ತಿಳಿಯದು. ಬೆಳಕು ಎಷ್ಟು ಬಿತ್ತು ಎಂಬುದಷ್ಟೇ ತಿಳಿಯುತ್ತದೆ. ಆದ್ದರಿಂದ ಒಂದೊಂದು ಚುಕ್ಕೆಯ ಮೇಲೂ ಕೆಂಪು, ಹಸಿರು ಅಥವಾ ನೀಲಿ ಫಿಲ್ಟರ್ ಕೂರಿಸಿರುತ್ತಾರೆ. ಇದು ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿದ ವಿನ್ಯಾಸ. ಪ್ರತಿ ಚುಕ್ಕೆ ಮೂರು ಬಣ್ಣಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಅಂದರೆ ನಮ್ಮ ಫೋಟೊದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಅಂದಾಜು!

ಎಷ್ಟು ಬೆಳಕನ್ನು ಒಳಗೆ ಬಿಡಬೇಕು ಎಂಬುದೂ ಅಂದಾಜೇ. ಎದುರಿನ ದೃಶ್ಯ ಒಟ್ಟಾರೆ ನಡುವಿನ ಬೂದು ಬಣ್ಣದಷ್ಟು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುತ್ತದೆ ಎಂದು ನಂಬಿ ಲೆಕ್ಕ ಹಾಕುವುದು ಹಳೆಯ ರೂಢಿ. ಸುಣ್ಣದ ಗೋಡೆಯ ಮುಂದೆ ಬಿಳಿ ಸಮವಸ್ತ್ರದ ಮಕ್ಕಳನ್ನು ನಿಲ್ಲಿಸಿ ನೋಡಿ. "ಬೆಳಕು ಹೆಚ್ಚಾಯಿತು" ಎಂದು ಕ್ಯಾಮೆರಾ ಬೆಳಕನ್ನು ಕಡಿಮೆ ಮಾಡುತ್ತದೆ. ಗೋಡೆ ಚೆನ್ನಾಗಿ ಬರುತ್ತದೆ, ಕಪ್ಪು ಮುಖಗಳು ಮಸಿಯಾಗುತ್ತವೆ. ನಮ್ಮ ಶಾಲೆಯ ಒಂದು ಗ್ರೂಪ್ ಫೋಟೊದಲ್ಲಿ ಒಬ್ಬ ಹುಡುಗಿ ತನ್ನನ್ನು ತಾನು ಗುರುತಿಸಿಕೊಂಡದ್ದು ಮುಖದಿಂದಲ್ಲ, ಜಡೆಯ ರಿಬ್ಬನ್ನಿನಿಂದ.

ಫಿಲ್ಮಿನ ಕಾಲದಲ್ಲಿ ಈ ಅಳತೆಗೋಲಿಗೆ ಒಂದು ಮುಖವೇ ಇತ್ತು. ಬಣ್ಣ ಸರಿಯಾಗಿದೆಯೇ ಎಂದು ಹೋಲಿಸಿ ನೋಡಲು ಕೊಡಾಕ್ ಕಂಪನಿ ಫೋಟೊ ಲ್ಯಾಬ್‌ಗಳಿಗೆ ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರವಿದ್ದ ಕಾರ್ಡ್ ಕಳಿಸುತ್ತಿತ್ತು. ಮೊದಲು ರೂಪದರ್ಶಿಯಾಗಿದ್ದ ಉದ್ಯೋಗಿಯ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಎಂಬ ಹೆಸರು ಬಂತು. ಆ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ. ಕಪ್ಪು ತಾಯಂದಿರು ತಮ್ಮ ಮಕ್ಕಳ ಮುಖ ಫೋಟೊದಲ್ಲಿ ಕಾಣುವುದಿಲ್ಲವೆಂದು ನೊಂದರು. ಆದರೆ ಕಂದು ಬಣ್ಣದ ಛಾಯೆಗಳು ಬೇರೆಬೇರೆಯಾಗಿ ಕಾಣುವಂತೆ ಫಿಲ್ಮ್ ಸುಧಾರಿಸಲು ಒತ್ತಡ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರಿನಿಂದ ಎಂದು ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಬೇರೆ ಬೇರೆ ಮೈಬಣ್ಣದ ಹೆಂಗಸರು ಒಟ್ಟಿಗಿರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ.

ಆ ಲ್ಯಾಬಿನಲ್ಲಿ ಕೂತವನಿಗೆ ದ್ವೇಷವಿತ್ತೇ? ಇರಬೇಕಾಗಿಯೇ ಇರಲಿಲ್ಲ. ಕಾರ್ಡ್ ನೋಡಿ ತನ್ನ ಕೆಲಸ ಮಾಡಿದ, ಅಷ್ಟೇ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಕಮ್ಮವೆಂದರೆ ಚೇತನಾ, ಅಂದರೆ ಉದ್ದೇಶ ಎಂದು ಭಗವಾನ್ ಬುದ್ಧರು ಬೋಧಿಸಿದರು. ಉದ್ದೇಶವೇ ಇಲ್ಲದ ಮೇಲೆ ತಪ್ಪು ಎಲ್ಲಿದೆ? ಆದರೆ ಅಕುಶಲದ ಬೇರುಗಳು ಮೂರು ಎಂದವರೂ ಅವರೇ: ಲೋಭ, ದ್ವೇಷ, ಮೋಹ. ದ್ವೇಷವಿಲ್ಲ ಎನ್ನುವವರು ಒಂದು ಬೇರಿನ ಲೆಕ್ಕ ಮಾತ್ರ ಕೊಡುತ್ತಿದ್ದಾರೆ. ಇದ್ದದ್ದು ಇದ್ದಂತೆ ಕಾಣದಿರುವ ಮೋಹ ಹಾಗೇ ಉಳಿದಿದೆ. ಗೊತ್ತಿಲ್ಲದಿರುವವರೆಗೆ ಅದು ಮೋಹ. ತೋರಿಸಿಕೊಟ್ಟ ಮೇಲೂ ಅಳತೆಗೋಲನ್ನು ಬದಲಿಸದೆ ಬಿಟ್ಟರೆ ಅದೇ ಚೇತನಾ. ಅಲ್ಲಿಂದ ಮುಂದಕ್ಕೆ ಜವಾಬ್ದಾರಿ ತಪ್ಪಿಸಿಕೊಳ್ಳಲಾಗದು.

"ಎಲ್ಲರಿಗೂ ಒಂದೇ ಅಳತೆ ಇರಲಿ" ಎನ್ನುವ ವಾದವನ್ನೂ ಇಲ್ಲೇ ಪರೀಕ್ಷಿಸಬಹುದು. ಆ ಫೋಟೊದಲ್ಲಿ ಗೋಡೆಗೂ ಹುಡುಗಿಗೂ ಒಂದೇ ಅಳತೆ ಇತ್ತು! ಮಹಾಡದ ಕೆರೆಯೂ ಪುರಸಭೆಯ ಕಾಗದದಲ್ಲಿ ಎಲ್ಲರಿಗೂ ತೆರೆದಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ನಡೆದು ಹೋಗಿ ಆ ನೀರನ್ನು ಮುಟ್ಟಬೇಕಾಯಿತು.

ಹಾಗೆಂದು ಮುಖವನ್ನು ಬೆಳ್ಳಗೆ ಮಾಡುವ ಬ್ಯೂಟಿ ಫಿಲ್ಟರ್ ಪರಿಹಾರವಲ್ಲ. ಅದು ಇನ್ನೊಂದು ಸುಳ್ಳು. ಸರಿಯಾದ ಬೆಳಕಿನಲ್ಲಿ ಕಪ್ಪು ಮುಖ ಕಪ್ಪಾಗಿಯೇ ಇರುತ್ತದೆ. ಅದರ ಕಣ್ಣು, ನಗೆ, ಹಣೆಯ ಗೆರೆ ಎಲ್ಲವೂ ಕಾಣುತ್ತವೆ. ನಾವು ಕೇಳುತ್ತಿರುವುದು ಅವರಂತೆ ಕಾಣುವ ಹಕ್ಕನ್ನಲ್ಲ, ನಾವಿದ್ದಂತೆ ಕಾಣುವ ಹಕ್ಕನ್ನು. ಯಥಾಭೂತ ದರ್ಶನ ಎಂದರೆ ಇದೇ.

ಇದೇ ಪ್ರಶ್ನೆಯನ್ನು ನಮ್ಮೊಳಗೂ ಕೇಳಿಕೊಳ್ಳೋಣ. ವಿಹಾರದ ಗ್ರೂಪ್ ಫೋಟೊದಲ್ಲಿ ಮುಂದಿನ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ? ಅಡುಗೆ ಮಾಡಿದ ಅಕ್ಕಂದಿರು ಎಲ್ಲಿ ನಿಂತಿರುತ್ತಾರೆ? ಅಲ್ಲೂ ಯಾರಿಗೂ ದ್ವೇಷವಿರುವುದಿಲ್ಲ.

*ಇಂದಿನ ಅಭ್ಯಾಸ:* ಫೋಟೊ ತೆಗೆಯುವಾಗ ಕತ್ತಲಲ್ಲಿರುವವರ ಮುಖದ ಮೇಲೆ ತೆರೆಯಲ್ಲಿ ಬೆರಳಿಡಿ. ಅಳತೆ ಗೋಡೆಯಿಂದ ಮುಖಕ್ಕೆ ಬರುತ್ತದೆ. ಗೋಡೆಯ ಅಂದ ತುಸು ಮಾಸಬಹುದು. ಮಾಸಲಿ. ಆಮೇಲೆ ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಒಂದು ನಿಯಮವನ್ನು ಆರಿಸಿಕೊಂಡು ಕೇಳಿ: ಇದನ್ನು ಯಾರ ಮುಖ ನೋಡಿ ಅಳೆದರು?

ಭವತು ಸಬ್ಬ ಮಂಗಲಂ 🙏
ಜೈಭೀಮ್